ಮುಂಬಯಿಯಿಂದ ಮೊದಲ ಸಲ ಕ್ರೂಸ್ ಹತ್ತುವವರಿಗೆ: ಬುಕಿಂಗ್‌ನಿಂದ ಇಳಿಯುವವರೆಗೆ ಯಾವುದರ ನಂತರ ಯಾವುದು

ಡೊಂಬಿವಲಿಯ ನಮ್ಮ ಬಳಗದಲ್ಲಿ ಕ್ರೂಸ್‌ಗೆ ಹೋಗಿ ಬಂದವರು ಈಗ ಬಹಳ ಮಂದಿ. ಬಂದವರ ದೂರು ಮಾತ್ರ ಒಂದೇ ನಮೂನೆಯದು. ಗೇಟಿನಲ್ಲೇ ತಡೆದರು, ಹೇಳಿದ್ದಕ್ಕಿಂತ ಬಿಲ್ಲು ಜಾಸ್ತಿ ಬಂತು, ಮೊದಲ ರಾತ್ರಿ ಪೂರ್ತಿ ವಾಂತಿ, ಫೋನಿನ ಬಿಲ್ಲು ನೋಡಿ ಎದೆ ಧಸಕ್ಕೆಂದಿತು. ನಾನು ನಾಲ್ಕು ಸಲ ಹೋಗಿದ್ದೇನೆ, ಮೊದಲೆರಡು ಸಲ ಇವೇ ತಪ್ಪುಗಳನ್ನು ಮಾಡಿದ್ದೇನೆ. ಈಗ ಲೆಕ್ಕ ಹಾಕಿದರೆ, ಇವುಗಳಲ್ಲಿ ಒಂದೂ ನೀರಿನ ಮೇಲೆ ಆದ ತಪ್ಪಲ್ಲ. ಎಲ್ಲವೂ ಮನೆಯಲ್ಲಿ, ಟಿಕೆಟ್ ಮಾಡುವಾಗಲೋ ಚೀಲ ತುಂಬುವಾಗಲೋ ಆದವು. ಅದಕ್ಕೇ ಇಲ್ಲಿ ಹೆಚ್ಚಿನ ಮಾತು ಹಡಗು ಹತ್ತುವ ಮೊದಲಿನದು.

ಮೊದಲೇ ಕೂಡಿಸಿಟ್ಟುಕೊಳ್ಳಬೇಕಾದದ್ದು: ವಿಳಾಸವಿರುವ ಗುರುತಿನ ಚೀಟಿಯ ಮೂಲಪ್ರತಿ, ಕ್ರೆಡಿಟ್ ಕಾರ್ಡ್, ಭುಜಕ್ಕೆ ಹಾಕುವ ಸಣ್ಣ ಚೀಲ, ವಾಂತಿಯ ಮಾತ್ರೆ, ಎರಡು ಮೂರು ಆಯಸ್ಕಾಂತದ ಕೊಕ್ಕೆ, ಕೈಗಡಿಯಾರ, ಒಂದು ಪುಟ್ಟ ನೋಟ್‌ಬುಕ್. ಕೊಕ್ಕೆ ಮತ್ತು ಗಡಿಯಾರ ಏಕೆಂದು ಮುಂದೆ ಹೇಳುತ್ತೇನೆ.

ಹಂತ 1: ಮೊದಲು ತಿಂಗಳು, ಆಮೇಲೆ ತಾರೀಕು

ಎಲ್ಲರೂ ಮಾಡುವುದು ಉಲ್ಟಾ. ರಜೆ ಸಿಕ್ಕಿದ ತಾರೀಕು ಹಿಡಿದುಕೊಂಡು ಹಡಗು ಹುಡುಕುತ್ತಾರೆ. ಮೊದಲು ಕಡಲಿನ ತಿಂಗಳು ನೋಡಿ. ಜೂನ್‌ನಿಂದ ಸೆಪ್ಟೆಂಬರ್ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲ, ಮುಂಬಯಿಯ ಕ್ರೂಸ್ ಸೀಸನ್ ಅಲ್ಲ. ಅಕ್ಟೋಬರ್‌ನಿಂದ ಮೇವರೆಗೆ ಓಡಾಟ. ಅದರಲ್ಲೂ ಡಿಸೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ನೀರು ಸಾಮಾನ್ಯವಾಗಿ ಶಾಂತ. ಮೇ ಎರಡನೇ ವಾರ ದಾಟಿದರೆ ಅಲೆಯ ಸ್ವಭಾವ ಬದಲಾಗುತ್ತದೆ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವುದು ಮುಖ್ಯವಾಗಿ ಮಳೆಗಾಲದ ಹಿಂದೆ ಮುಂದೆ. 2021ರ ಮೇ ತಿಂಗಳ ತೌಕ್ತೆಯನ್ನು ಮುಂಬಯಿಯವರು ಮರೆತಿರಲಾರರು.

ಮಕ್ಕಳ ಶಾಲೆಗಾಗಿ ಮೇ ತಿಂಗಳಲ್ಲೇ ಹೋಗಬೇಕಾದರೆ ಹೋಗಿ. ಆದರೆ ಒಂದು ಮಾತು ನೆನಪಿರಲಿ. ದಾರಿ ಬದಲಿಸುವ, ಬಂದರು ಬಿಟ್ಟುಬಿಡುವ ಹಕ್ಕು ಕ್ಯಾಪ್ಟನ್‌ಗೆ ಇರುತ್ತದೆ, ಟಿಕೆಟ್‌ನ ಷರತ್ತುಗಳಲ್ಲಿ ಅದನ್ನು ಬರೆದೇ ಇರುತ್ತಾರೆ. ‘ಗೋವಾ ತೋರಿಸಲೇ ಇಲ್ಲ’ ಎಂದು ಕೌಂಟರಿನಲ್ಲಿ ಜಗಳವಾಡಿ ಪ್ರಯೋಜನವಿಲ್ಲ.

ಮುಂಬಯಿಯಿಂದ ಸ್ವದೇಶಿ ಪ್ರಯಾಣಕ್ಕೆ ಹೆಚ್ಚಿನವರು ಹತ್ತುವುದು 2021ರ ಸೆಪ್ಟೆಂಬರ್‌ನಲ್ಲಿ ಓಡಾಟ ಶುರು ಮಾಡಿದ ಕಾರ್ಡೇಲಿಯಾ ಕ್ರೂಸಸ್‌ನ ಹಡಗು. ಮಾರ್ಗಗಳು ಸೀಸನ್‌ಗೆ ಸೀಸನ್‌ಗೆ ಬದಲಾಗುತ್ತವೆ. ಒಟ್ಟಿನಲ್ಲಿ ಮೂರು ಬಗೆ ಎನ್ನಬಹುದು: ಎಲ್ಲೂ ನಿಲ್ಲದೆ ಸಮುದ್ರ ಸುತ್ತಿ ವಾಪಸಾಗುವ ವಾರಾಂತ್ಯದ ಪ್ರಯಾಣ, ಗೋವಾಕ್ಕೆ ಹೋಗಿ ಬರುವುದು, ಲಕ್ಷದ್ವೀಪದ ಉದ್ದ ಪ್ರಯಾಣ. ಮೊದಲ ಸಲಕ್ಕೆ ಗೋವಾ ಸೇರಿದ ಮೂರು ರಾತ್ರಿ ಸರಿ ಎಂದು ನನ್ನ ಅಭಿಪ್ರಾಯ. ಎರಡು ರಾತ್ರಿಯದ್ದರಲ್ಲಿ ಹತ್ತುವ ಗಡಿಬಿಡಿ ಮುಗಿಯುವಷ್ಟರಲ್ಲಿ ಇಳಿಯುವ ಗಡಿಬಿಡಿ ಶುರುವಾಗಿರುತ್ತದೆ.

ಹಂತ 2: ಕ್ಯಾಬಿನ್‌ನ ದರ್ಜೆಗಿಂತ ಜಾಗ ಮುಖ್ಯ

ಒಳಗಿನ ಕ್ಯಾಬಿನ್, ಕಿಟಕಿಯದ್ದು, ಬಾಲ್ಕನಿಯದ್ದು, ಸೂಟ್ ಎಂದು ಏಜೆಂಟ್ ಬೆಲೆಯ ಮೆಟ್ಟಿಲು ಹತ್ತಿಸುತ್ತಾ ಹೋಗುತ್ತಾನೆ. ನೀವು ಮೊದಲು ಕೇಳಬೇಕಾದದ್ದು ‘ಹಡಗಿನ ಯಾವ ಭಾಗದಲ್ಲಿ?’ ಎಂದು.

ಶಿರಾಡಿ ಘಾಟಿಯಲ್ಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ. ಹಡಗಿನ ಮೂತಿ ಮತ್ತು ಬಾಲ ಹೆಚ್ಚು ಏರಿಳಿಯುತ್ತವೆ, ನಡುಭಾಗ ಕಡಿಮೆ. ಮೇಲಿನ ಡೆಕ್, ಅಂದರೆ ಹಡಗಿನ ಮಹಡಿ, ಹೆಚ್ಚು ತೂಗುತ್ತದೆ, ಕೆಳಗಿನದು ಕಡಿಮೆ. ದೊಡ್ಡ ಹಡಗುಗಳ ಪಕ್ಕದಲ್ಲಿ ನೀರಿನೊಳಗೆ ಚಾಚುವ ರೆಕ್ಕೆಗಳಿರುತ್ತವೆ. ಎಡಬಲದ ತೂಗಾಟವನ್ನು ಅವು ತಗ್ಗಿಸುತ್ತವೆ, ಹಿಂದೆಮುಂದಿನ ಏರಿಳಿತವನ್ನು ಅಷ್ಟಾಗಿ ತಗ್ಗಿಸಲಾರವು. ಹಾಗಾಗಿ ಕಾರಿನಲ್ಲಿ ವಾಂತಿಯಾಗುವವರು ಮನೆಯಲ್ಲಿದ್ದರೆ ನಡುಭಾಗದ ಕೆಳ ಡೆಕ್ಕಿನ ಸಾದಾ ಕ್ಯಾಬಿನ್ ತೆಗೆದುಕೊಳ್ಳಿ. ಮೂತಿಯ ಬಳಿಯ ಮೇಲಿನ ಬಾಲ್ಕನಿ ಎಷ್ಟೇ ಚೆಂದವಿದ್ದರೂ ಬೇಡ.

ಡೆಕ್‌ನ ನಕ್ಷೆ ಕೇಳಿ ತರಿಸಿಕೊಂಡು ನಿಮ್ಮ ಕ್ಯಾಬಿನ್‌ನ ತಲೆಯ ಮೇಲೆ ಏನಿದೆ, ಕಾಲಡಿ ಏನಿದೆ ನೋಡಿ. ಮೇಲೆ ಡಿಸ್ಕೋ ಅಥವಾ ಈಜುಕೊಳದ ಅಂಗಳವಿದ್ದರೆ ನಡುರಾತ್ರಿಯವರೆಗೆ ಕುರ್ಚಿ ಎಳೆಯುವ ಸದ್ದು. ಮೇಲೂ ಕೆಳಗೂ ಬರೀ ಕ್ಯಾಬಿನ್‌ಗಳಿದ್ದರೆ ಅದು ಒಳ್ಳೆಯ ಜಾಗ. ಕಂಪನಿಯೇ ಸಂಖ್ಯೆ ಕೊಡುವ ಅಗ್ಗದ ಟಿಕೆಟ್‌ನಲ್ಲಿ ಈ ಆಯ್ಕೆ ಇರುವುದಿಲ್ಲ.

ಇನ್ನೆರಡು ಸಣ್ಣ ಮಾತು. ನಾಲ್ಕು ಜನರ ಕ್ಯಾಬಿನ್ ಎಂದರೆ ಸಾಮಾನ್ಯವಾಗಿ ಎರಡು ಮಂಚ ರೈಲಿನ ಅಪ್ಪರ್ ಬರ್ತ್‌ನ ಹಾಗೆ ಗೋಡೆಯಿಂದ ಇಳಿಯುತ್ತವೆ, ಏಣಿ ಹತ್ತಬೇಕು. ಯಾರು ಹತ್ತುತ್ತಾರೆಂದು ಮನೆಯಲ್ಲೇ ತೀರ್ಮಾನಿಸಿ. ಬಾಲ್ಕನಿಗೆ ದುಡ್ಡು ಕೊಡುವುದೇ ಆದರೆ ದಿಕ್ಕನ್ನೂ ನೋಡಿ. ದಕ್ಷಿಣಕ್ಕೆ ಹೋಗುವಾಗ ಹಡಗಿನ ಎಡಗಡೆ ದಡ, ಬಲಗಡೆ ಸೂರ್ಯಾಸ್ತ. ಬರುವಾಗ ಅದಲುಬದಲು.

ಹಂತ 3: ಬೆಲೆಯನ್ನು ಕಾಗದದ ಮೇಲೆ ಬಿಡಿಸಿ ಬರೆಯಿರಿ

ಜಾಹೀರಾತಿನಲ್ಲಿ ಕಾಣುವ ಅಂಕಿ ಬರೀ ಕ್ಯಾಬಿನ್‌ನದ್ದು. ಅದರ ಕೆಳಗೆ ಇಷ್ಟು ಸಾಲು ಬರೆದು ಒಂದೊಂದಕ್ಕೂ ಏಜೆಂಟ್‌ನಿಂದ ಉತ್ತರ ಬರೆಸಿಕೊಳ್ಳಿ: ಬಂದರು ಶುಲ್ಕ, ಇಂಧನದ ಹೆಚ್ಚುವರಿ, ಸರ್ವಿಸ್ ಚಾರ್ಜ್ ಅಥವಾ ಟಿಪ್ಸ್, ಜಿಎಸ್‌ಟಿ, ಊಟ ಯಾವ ರೆಸ್ಟೋರೆಂಟ್‌ಗಳಲ್ಲಿ ಸೇರಿದೆ, ಯಾವ ಪಾನೀಯ ಸೇರಿದೆ, ಶೋಗಳಿಗೆ ಟಿಕೆಟ್ ಉಂಟೋ, ಬಂದರಿನಲ್ಲಿ ಸುತ್ತಾಟಕ್ಕೆ ಎಷ್ಟು, ವೈಫೈಗೆ ಎಷ್ಟು. ವಿದೇಶಕ್ಕೆ ಹೋಗುವ ಪ್ಯಾಕೇಜ್ ಆದರೆ ಟಿಸಿಎಸ್ (ಮಾರುವವರೇ ಮುಂಗಡವಾಗಿ ವಸೂಲಿ ಮಾಡುವ ತೆರಿಗೆ) ಕೂಡ ಹಿಡಿಯುತ್ತಾರೆ. ಅದನ್ನು ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ರಸೀದಿ ಇಟ್ಟುಕೊಳ್ಳಿ.

ಹಡಗಿನೊಳಗೆ ನಗದು ನಡೆಯುವುದಿಲ್ಲ. ಹತ್ತುವಾಗ ಕೊಡುವ ಕಾರ್ಡೇ ಕೋಣೆಯ ಕೀಲಿ, ಗುರುತಿನ ಚೀಟಿ, ಉದ್ದರಿ ಪುಸ್ತಕ ಎಲ್ಲ. ಅದಕ್ಕೆ ನಿಮ್ಮ ಬ್ಯಾಂಕ್ ಕಾರ್ಡ್ ಜೋಡಿಸುತ್ತಾರೆ ಅಥವಾ ಮುಂಗಡ ಕಟ್ಟಿಸಿಕೊಳ್ಳುತ್ತಾರೆ. ಇಲ್ಲಿ ಡೆಬಿಟ್ ಕಾರ್ಡ್ ಕೊಡುವುದು ದೊಡ್ಡ ತಪ್ಪು. ಅವರು ತಡೆಹಿಡಿಯುವ ಮೊತ್ತ ನಿಮ್ಮ ಖಾತೆಯ ನಿಜವಾದ ದುಡ್ಡು, ಪ್ರಯಾಣ ಮುಗಿದ ಮೇಲೂ ಬಿಡುಗಡೆಗೆ ದಿನಗಳು ಹಿಡಿಯುತ್ತವೆ. ಕ್ರೆಡಿಟ್ ಕಾರ್ಡ್ ಕೊಡಿ. ಮಕ್ಕಳ ಕಾರ್ಡಿಗೆ ಖರ್ಚಿನ ಮಿತಿ ಹಾಕಿಸಬಹುದೇ ಎಂದು ಅಲ್ಲೇ ಕೇಳಿ. ನಮ್ಮ ಓರಗಿತ್ತಿಯ ಮಗ ವಿಡಿಯೋ ಗೇಮ್ ಕೋಣೆಯಲ್ಲಿ ಕಾರ್ಡ್ ಉಜ್ಜಿದ್ದೇ ಉಜ್ಜಿದ್ದು, ಅವನಿಗೆ ಅದು ದುಡ್ಡೆಂದು ಅನ್ನಿಸಿಯೇ ಇರಲಿಲ್ಲ.

ಕುಡಿಯುವ ಪ್ಯಾಕೇಜ್ ವಿಷಯ: ಕೆಲವು ಕಂಪನಿಗಳಲ್ಲಿ ಒಂದು ಕ್ಯಾಬಿನ್‌ನ ಒಬ್ಬ ದೊಡ್ಡವರು ತೆಗೆದುಕೊಂಡರೆ ಉಳಿದ ದೊಡ್ಡವರೂ ತೆಗೆದುಕೊಳ್ಳಬೇಕು. ಮಾವನವರ ಎರಡು ಪೆಗ್ಗಿಗಾಗಿ ಅತ್ತೆಯೂ ದುಡ್ಡು ಕೊಟ್ಟ ಉದಾಹರಣೆ ನಮ್ಮಲ್ಲೇ ಇದೆ.

ಹಂತ 4: ಕಾಗದಪತ್ರ, ಇಲ್ಲಿಯೇ ಹೆಚ್ಚಿನವರು ಎಡವುವುದು

ಸ್ವದೇಶಿ ಪ್ರಯಾಣಕ್ಕೆ ಪಾಸ್‌ಪೋರ್ಟ್ ಕಡ್ಡಾಯವಲ್ಲ. ಆಧಾರ್, ಮತದಾರರ ಚೀಟಿಯಂಥವು ನಡೆಯುತ್ತವೆ. ಪ್ಯಾನ್ ಕಾರ್ಡನ್ನು ನೆಚ್ಚಿಕೊಂಡು ಹೋಗಬೇಡಿ, ಅದರಲ್ಲಿ ವಿಳಾಸವಿರುವುದಿಲ್ಲ. ವಿದೇಶದ ಬಂದರು ಇದ್ದರೆ ವಾಪಸಾಗುವ ದಿನದಿಂದ ಮುಂದೆ ಕನಿಷ್ಠ 6 ತಿಂಗಳು ಅವಧಿಯಿರುವ ಪಾಸ್‌ಪೋರ್ಟ್, ಖಾಲಿ ಪುಟಗಳು, ಬೇಕಾದ ವೀಸಾ.

ಕ್ರಮ ಹೀಗಿರಲಿ. ಮೊದಲು ಎಲ್ಲರ ಗುರುತಿನ ಚೀಟಿಗಳನ್ನು ಮೇಜಿನ ಮೇಲೆ ಹರಡಿ. ಆಮೇಲೆ ಬುಕಿಂಗ್‌ನಲ್ಲಿ ಬರೆಸುವ ಹೆಸರನ್ನು ಚೀಟಿಯಲ್ಲಿರುವ ಹಾಗೆಯೇ, ಅಕ್ಷರಕ್ಕೆ ಅಕ್ಷರ, ನೋಡಿ ಬರೆಸಿ. ನಮ್ಮವರಿಗೆ ಇಲ್ಲೇ ಫಜೀತಿ. ಊರಿನ ಶಾಲೆಯ ದಾಖಲೆಯಲ್ಲಿ ಇನಿಶಿಯಲ್ ಮುಂದೆ, ಆಧಾರ್‌ನಲ್ಲಿ ಮರಾಠಿ ಪದ್ಧತಿಯಂತೆ ನಡುವೆ ಗಂಡನ ಹೆಸರು, ಬ್ಯಾಂಕಿನಲ್ಲಿ ಕೊನೆಗೆ ಶೆಟ್ಟಿಯೋ ರಾವೋ. ಏಜೆಂಟ್ ವಾಟ್ಸ್ಯಾಪ್‌ನಲ್ಲಿ ಕೇಳಿದ ಕೂಡಲೇ ‘ಸುಧಕ್ಕ’ ಎಂದು ಟೈಪ್ ಮಾಡಿ ಕಳಿಸಿದವರನ್ನು ನಾನು ಬಲ್ಲೆ. ಹೆಸರು ತಿದ್ದುಪಡಿಗೆ ಬುಕಿಂಗ್ ಆದ ವಾರದಲ್ಲಿ ಹೇಳಿದರೆ ಸುಲಭ, ಹಿಂದಿನ ದಿನ ಹೇಳಿದರೆ ಕಷ್ಟ.

ಮಕ್ಕಳಿಗೂ ಚೀಟಿ ಬೇಕು, ಜನನ ಪ್ರಮಾಣಪತ್ರವನ್ನೂ ಇಟ್ಟುಕೊಳ್ಳಿ. ಹೆಚ್ಚಿನ ಕ್ರೂಸ್ ಕಂಪನಿಗಳು 6 ತಿಂಗಳಿಗಿಂತ ಸಣ್ಣ ಕೂಸನ್ನೂ, ಪ್ರಯಾಣದ ಅವಧಿಯಲ್ಲಿ 24 ವಾರ ತುಂಬುವ ಗರ್ಭಿಣಿಯರನ್ನೂ ಹತ್ತಿಸಿಕೊಳ್ಳುವುದಿಲ್ಲ. ಬುಕ್ ಮಾಡಿದ ದಿನದ ವಾರವಲ್ಲ, ಪ್ರಯಾಣದ ದಿನದ ವಾರ ಲೆಕ್ಕಕ್ಕೆ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು. ಕಂಪನಿ ಮಾಡಿಸಿಕೊಡುವುದಾದರೂ ಅವರು ಕೇಳುವ ಫೋಟೊ, ದಾಖಲೆಗಳನ್ನು ಕೇಳಿದ ದಿನವೇ ಕಳಿಸಿ.

ಕೊನೆಗೆ ವೆಬ್ ಚೆಕ್-ಇನ್. ಅದು ಮುಗಿದು ಬೋರ್ಡಿಂಗ್ ಪಾಸ್ ಕೈಗೆ ಬಂದರೆ ಮಾತ್ರ ಕಾಗದದ ಕೆಲಸ ಮುಗಿಯಿತು. ಪಾಸನ್ನು ಮುದ್ರಿಸಿಕೊಳ್ಳಿ. ಬಂದರಿನ ಗೇಟಿನಲ್ಲಿ ಹಿರಿಯರು ಫೋನಿನಲ್ಲಿ ಮೇಲ್ ಹುಡುಕುತ್ತಾ ನಿಲ್ಲುವುದು ಬೇಡ.

ಅಪಾಯದ ಸೂಚನೆ: ಪ್ರಯಾಣಕ್ಕೆ ಮೂರು ದಿನ ಉಳಿದಾಗಲೂ ಕಂಪನಿಯಿಂದ ನೇರವಾಗಿ ನಿಮಗೆ ಯಾವ ಸಂದೇಶವೂ ಬಂದಿಲ್ಲ, ಎಲ್ಲವೂ ಏಜೆಂಟ್‌ನ ಬಾಯಿಮಾತೇ ಎಂದಾದರೆ, ಬುಕಿಂಗ್ ಸಂಖ್ಯೆ ಹಿಡಿದು ಕಂಪನಿಗೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಹಂತ 5: ಎರಡು ಚೀಲದ ಲೆಕ್ಕ

ದೊಡ್ಡ ಲಗೇಜನ್ನು ಟರ್ಮಿನಲ್‌ನಲ್ಲಿ ಟ್ಯಾಗ್ ಹಾಕಿ ತೆಗೆದುಕೊಳ್ಳುತ್ತಾರೆ. ಅದು ಕ್ಯಾಬಿನ್ ಬಾಗಿಲಿಗೆ ಬರುವಾಗ ಸಂಜೆಯೂ ಆಗಬಹುದು. ಅಷ್ಟು ಹೊತ್ತು ನಿಮ್ಮ ಜೊತೆಗಿರುವುದು ಭುಜದ ಚೀಲ ಒಂದೇ. ಅದರಲ್ಲಿ ಕಾಗದಪತ್ರ, ಎಲ್ಲರ ಔಷಧಿ, ಚಾರ್ಜರ್, ಮಕ್ಕಳಿಗೆ ಒಂದು ಜೊತೆ ಬಟ್ಟೆ, ಈಜುವ ಬಟ್ಟೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ದೊಡ್ಡ ಪೆಟ್ಟಿಗೆಗೆ ಹಾಕಲೇಬೇಡಿ. ಪ್ರಯಾಣದ ದಿನಗಳಿಗಿಂತ ಎರಡು ದಿನದ್ದು ಹೆಚ್ಚೇ ಇರಲಿ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ಶುಲ್ಕ ಬೇರೆ, ಎಲ್ಲ ಔಷಧಿಯೂ ಇರುತ್ತದೆಂದು ನಂಬುವಂತಿಲ್ಲ.

ತರಬಾರದ್ದು: ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಎಕ್ಸ್‌ಟೆನ್ಶನ್ ಬೋರ್ಡ್, ಮೇಣದಬತ್ತಿ, ಊದುಬತ್ತಿ, ಮದ್ಯ, ಚಾಕು. ಹಡಗಿನಲ್ಲಿ ಬೆಂಕಿಗೆ ಇರುವಷ್ಟು ಭಯ ಬಿರುಗಾಳಿಗಿಲ್ಲ, ಅದಕ್ಕೇ ಬಿಸಿಯಾಗುವ ಯಾವುದನ್ನೂ ಬಿಡುವುದಿಲ್ಲ. ಬೆಳಗ್ಗಿನ ಕಾಫಿಗಾಗಿ ನಾನು ಕೆಟಲನ್ನು ಸೀರೆಯಲ್ಲಿ ಸುತ್ತಿ ಒಯ್ದಿದ್ದೆ. ಎಕ್ಸ್‌ರೇಯಲ್ಲಿ ಅದು ಸೀರೆಯ ನಡುವೆ ದೇವರ ಮೂರ್ತಿಯ ಹಾಗೆ ಸ್ಪಷ್ಟವಾಗಿ ಕೂತಿತ್ತು! ಚೀಟಿ ಕೊಟ್ಟು ಇಟ್ಟುಕೊಂಡರು, ಇಳಿಯುವ ದಿನ ಅದಕ್ಕೇ ಇನ್ನೊಂದು ಸಾಲಿನಲ್ಲಿ ನಿಂತೆ.

ಮನೆಯಲ್ಲಿ ಮಾಡಿದ ಚಿತ್ರಾನ್ನ, ಚಪಾತಿಯನ್ನೂ ಸಾಮಾನ್ಯವಾಗಿ ಬಿಡುವುದಿಲ್ಲ. ಅಂಗಡಿಯ ಸೀಲ್ ಮಾಡಿದ ಪ್ಯಾಕೆಟ್‌ಗೆ ಹೆಚ್ಚಿನ ಕಡೆ ಅಡ್ಡಿಯಿಲ್ಲ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರು ಬುಕಿಂಗ್ ಹೊತ್ತಿಗೇ ಬರೆಸಬೇಕು.

ಈಗ ಆಯಸ್ಕಾಂತದ ಕೊಕ್ಕೆ. ಕ್ಯಾಬಿನ್‌ನ ಗೋಡೆ ಲೋಹದ್ದು. ಒದ್ದೆ ಟವೆಲ್, ಕೈಚೀಲ, ಟೋಪಿ ಎಲ್ಲ ಗೋಡೆಗೇ ನೇತುಹಾಕಬಹುದು. ಆ ಪುಟ್ಟ ಕೋಣೆಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಪೆಟ್ಟಿಗೆಯ ಹಿಡಿಕೆಗೆ ಕೆಂಪು ರಿಬ್ಬನ್ನೋ ಹಳೆಯ ಸೀರೆಯ ಅಂಚೋ ಕಟ್ಟಿ. ಚಕ್ರವಿರುವ ನೀಲಿ ಪೆಟ್ಟಿಗೆಗಳು ನೂರಾರು ಇರುತ್ತವೆ.

ಹಂತ 6: ಹತ್ತುವ ದಿನ

ಟಿಕೆಟ್‌ನಲ್ಲಿ ಎರಡು ಸಮಯ ಇರುತ್ತದೆ, ಹತ್ತುವ ಸಮಯ ಮತ್ತು ಹಡಗು ಹೊರಡುವ ಸಮಯ. ನಿಮಗೆ ಸಂಬಂಧಿಸಿದ್ದು ಮೊದಲನೆಯದು ಮಾತ್ರ. ಹಡಗು ಹೊರಡುವುದಕ್ಕೆ ಬಹಳ ಮೊದಲೇ ಕೌಂಟರ್ ಮುಚ್ಚುತ್ತದೆ.

ಜಾಗದ ಗೊಂದಲ ಇನ್ನೂ ದೊಡ್ಡದು. ಗೋವಾಕ್ಕೆ ಹೋಗುವುದು ‘ಡೊಮೆಸ್ಟಿಕ್’ ಅಲ್ಲವೇ ಎಂದು ಮ್ಯಾಪ್‌ನಲ್ಲಿ ಡೊಮೆಸ್ಟಿಕ್ ಕ್ರೂಸ್ ಟರ್ಮಿನಲ್ ಹಾಕಿದರೆ ಅದು ಮಜಗಾಂವ್‌ನ ಭಾವುಚಾ ಧಕ್ಕಾ ಕಡೆಗೆ ಕರೆದೊಯ್ಯುತ್ತದೆ. ಅದು ವಾಹನಗಳನ್ನೂ ಹೊತ್ತು ಮಾಂಡ್ವಾಕ್ಕೆ ಹೋಗುವ ರೋ-ರೋ ಹಡಗಿನ ಜಾಗ. ದೊಡ್ಡ ಕ್ರೂಸ್ ಹಡಗು ನಿಲ್ಲುವುದು ಬ್ಯಾಲಾರ್ಡ್ ಪಿಯರ್‌ನಲ್ಲಿ. 2025ರ ಸೆಪ್ಟೆಂಬರ್ 20ರಂದು ಉದ್ಘಾಟನೆಯಾದ ಮುಂಬಯಿ ಇಂಟರ್‌ನ್ಯಾಷನಲ್ ಕ್ರೂಸ್ ಟರ್ಮಿನಲ್ ಇರುವುದು ಅಲ್ಲೇ. ಟ್ಯಾಕ್ಸಿಯವರಿಗೆ ‘ಬ್ಯಾಲಾರ್ಡ್ ಪಿಯರ್, ಗ್ರೀನ್ ಗೇಟ್’ ಎಂದರೆ ಬೇಗ ಗೊತ್ತಾಗುತ್ತದೆ. ಟಿಕೆಟ್‌ನಲ್ಲಿ ಬೇರೆ ಗೇಟು ಬರೆದಿದ್ದರೆ ಅದೇ ಸರಿ. ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ಹತ್ತಿರವೇ. ಗೇಟ್‌ವೇ ಆಫ್ ಇಂಡಿಯಾಕ್ಕೆ ಹೋಗಿ ನಿಂತವರೂ ಇದ್ದಾರೆ, ಅಲ್ಲಿ ಸಿಗುವುದು ಎಲಿಫೆಂಟಾದಂಥ ಹತ್ತಿರದ ಜಾಗಗಳ ದೋಣಿ ಅಷ್ಟೇ.

ಭಾನುವಾರ ಹತ್ತುವುದಾದರೆ ಲೋಕಲ್ ರೈಲಿನ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆಂದು ರೈಲು ನಿಲ್ಲಿಸುವುದು, ಮರೆಯಬೇಡಿ. ಕಲ್ಯಾಣ, ಡೊಂಬಿವಲಿ, ಪನ್ವೇಲ್ ಕಡೆಯವರು ಹಿಂದಿನ ದಿನವೇ ಪ್ರಕಟಣೆ ನೋಡಿಕೊಳ್ಳಿ. ಪುಣೆಯವರಿಗೆ ಬೆಳಿಗ್ಗೆ 7:15ರ ಡೆಕ್ಕನ್ ಕ್ವೀನ್ ಸಿಎಸ್‌ಎಂಟಿಗೇ ಬರುವುದರಿಂದ ಎಕ್ಸ್‌ಪ್ರೆಸ್‌ವೇಯ ಘಾಟಿಯಲ್ಲಿ ಸಿಕ್ಕಿಬೀಳುವ ಭಯವಿಲ್ಲ. ಊರಿನಿಂದ ಬರುವ ನೆಂಟರು ಮಾತ್ರ ಹಿಂದಿನ ದಿನವೇ ಮುಂಬಯಿ ಸೇರಲಿ. ರೈಲು ತಡವಾದರೆ ಹಡಗು ಕಾಯುವುದಿಲ್ಲ.

ಟರ್ಮಿನಲ್ಲಿನೊಳಗೆ ಕ್ರಮ ಇದು: ಗೇಟಿನಲ್ಲಿ ಚೀಟಿ ತಪಾಸಣೆ, ಲಗೇಜ್ ಕೊಡುವುದು, ಭದ್ರತಾ ತಪಾಸಣೆ, ಚೆಕ್-ಇನ್ ಕೌಂಟರಿನಲ್ಲಿ ಫೋಟೊ ತೆಗೆದು ಕಾರ್ಡ್ ಕೊಡುವುದು, ವಿದೇಶವಾದರೆ ಇಮಿಗ್ರೇಷನ್, ಆಮೇಲೆ ಹಡಗು. ಹೊಸ ಕಟ್ಟಡದಲ್ಲಿ ಚೆಕ್-ಇನ್ ಮತ್ತು ಇಮಿಗ್ರೇಷನ್‌ಗೆ 72 ಕೌಂಟರುಗಳಿವೆ. ಆದರೂ ಕೊನೆಯ ಗಂಟೆಯಲ್ಲಿ ಎಲ್ಲರೂ ಒಟ್ಟಿಗೆ ಬಂದರೆ ಸಾಲು ಸಾಲೇ. ಗಾಲಿಕುರ್ಚಿ ಬೇಕಾದರೆ ಬುಕಿಂಗ್‌ನಲ್ಲೇ ಹೇಳಿರಬೇಕು.

ಹಂತ 7: ಹತ್ತಿದ ಮೇಲಿನ ಮೊದಲ ಎರಡು ಗಂಟೆ

ಎಲ್ಲರೂ ಬಫೆಗೆ ಓಡುತ್ತಾರೆ. ನೀವು ಮೊದಲು ಫೋನಿನ ಕೆಲಸ ಮುಗಿಸಿ. ಮನೆಗೆ ಫೋನ್ ಮಾಡಿ, ಬೇಕಾದ ಹಾಡು, ಪುಸ್ತಕ, ಟಿಕೆಟ್‌ಗಳನ್ನು ಇಳಿಸಿಕೊಂಡು, ಹಡಗು ಹೊರಡುವ ಮೊದಲು ಏರ್‌ಪ್ಲೇನ್ ಮೋಡ್ ಹಾಕಿ. ದಡದ ಸಿಗ್ನಲ್ ಹೋದ ಮೇಲೆ ಫೋನ್ ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದರೆ ಅದು ಸಾಮಾನ್ಯ ರೋಮಿಂಗ್ ಅಲ್ಲ, ದರ ಹಲವು ಪಟ್ಟು ಹೆಚ್ಚು. ನೀವು ಮಾತಾಡದಿದ್ದರೂ ಫೋಟೊ ತಾನಾಗಿ ಅಪ್‌ಲೋಡ್ ಆಗುತ್ತಿದ್ದರೆ ಬಿಲ್ಲು ಏರುತ್ತದೆ. ಹಿರಿಯರ ಫೋನುಗಳನ್ನು ನೀವೇ ತೆಗೆದುಕೊಂಡು ಬದಲಿಸಿ.

ಫೋನಿಲ್ಲದೆ ಒಬ್ಬರನ್ನೊಬ್ಬರು ಹುಡುಕುವುದು ಹೇಗೆ? ಜಾತ್ರೆಗೆ ಹೋದವರ ಹಾಗೆ. ‘ತಪ್ಪಿಹೋದರೆ ತೇರಿನ ಎಡಗಡೆಯ ಬಳೆ ಅಂಗಡಿ’ ಎನ್ನುತ್ತಿದ್ದರಲ್ಲ, ಹಾಗೆ ಒಂದು ಜಾಗ, ಮೂರು ಹೊತ್ತು ಗೊತ್ತು ಮಾಡಿ. ಕೈಗಡಿಯಾರ ಇದಕ್ಕೇ. ವಿದೇಶ ಪ್ರಯಾಣದಲ್ಲಿ ಹಡಗಿನ ಸಮಯ ಒಂದು, ಫೋನ್ ತೋರಿಸುವ ಸಮಯ ಇನ್ನೊಂದು ಆಗಬಹುದು. ಲೆಕ್ಕಕ್ಕೆ ಬರುವುದು ಹಡಗಿನ ಸಮಯ.

ಆಮೇಲೆ ಸುರಕ್ಷತಾ ಡ್ರಿಲ್. ಏಳು ಗಿಡ್ಡ ಸದ್ದು, ಒಂದು ಉದ್ದ ಸದ್ದು ಕೇಳಿಸಿದರೆ ಅದು ತುರ್ತು ಸೂಚನೆ. ನಿಮ್ಮ ಕಾರ್ಡಿನ ಮೇಲೆ ಅಥವಾ ಕ್ಯಾಬಿನ್ ಬಾಗಿಲ ಹಿಂದೆ ಬರೆದಿರುವ ಜಾಗಕ್ಕೆ ಹೋಗಬೇಕು. 2012ರ ಜನವರಿಯಲ್ಲಿ ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತಾಗ, ಆ ಸಂಜೆ ಹತ್ತಿದ ಹಲವರಿಗೆ ಇನ್ನೂ ಡ್ರಿಲ್ ಆಗಿಯೇ ಇರಲಿಲ್ಲ. ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಮಾಡಿಸಬೇಕೆಂಬ ಅಂತರರಾಷ್ಟ್ರೀಯ ನಿಯಮ 2015ರಿಂದ ಜಾರಿಯಲ್ಲಿದೆ. ಬಚ್ಚಲಲ್ಲಿ ಅಡಗಿಕೊಳ್ಳಬೇಡಿ. ಡ್ರಿಲ್ ಮುಗಿಸಿ ಬರುವಾಗ ಆ ಜಾಗದಿಂದ ನಿಮ್ಮ ಕ್ಯಾಬಿನ್‌ಗೆ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲೇ ನಡೆದು ಬನ್ನಿ.

ಕ್ಯಾಬಿನ್‌ನಲ್ಲಿ ಹಿರಿಯರಿಗೆ ಮೂರು ವಿಷಯ ತೋರಿಸಿಕೊಡಿ. ಬಚ್ಚಲ ಹೊಸ್ತಿಲು ಎತ್ತರ, ರಾತ್ರಿ ಎಡವುತ್ತದೆ. ಶೌಚದ ಫ್ಲಶ್ ಗಾಳಿ ಎಳೆದು ಜೋರಾಗಿ ಸದ್ದು ಮಾಡುತ್ತದೆ, ಗಾಬರಿ ಬೇಡ. ಕಾಗದ ಬಿಟ್ಟು ಬೇರೇನು ಹಾಕಿದರೂ ಸಾಲಿನ ಕೋಣೆಗಳೆಲ್ಲ ಕಟ್ಟಿಕೊಳ್ಳುತ್ತವೆ. ಇನ್ನು ಡೆಕ್ಕಿಗೆ ತೆರೆಯುವ ಬಾಗಿಲು ಬಹಳ ಭಾರ. ಗಾಳಿಗೆ ಪಟ್ಟನೆ ಬಡಿಯುತ್ತದೆ, ಮಕ್ಕಳ ಬೆರಳು ಚೌಕಟ್ಟಿನಲ್ಲಿ ಇರಬಾರದು.

ಇಷ್ಟು ಮುಗಿಸಿ ಮೇಲಿನ ಡೆಕ್ಕಿಗೆ ಹೋಗಿ. ಹಡಗು ಕದಲುವುದು ಗೊತ್ತೇ ಆಗುವುದಿಲ್ಲ, ಪಕ್ಕದ ಕಟ್ಟೆ ಹಿಂದೆ ಸರಿದಾಗಲೇ ತಿಳಿಯುವುದು. ಗೇಟ್‌ವೇ, ತಾಜ್ ಬೆಂಕಿಪೊಟ್ಟಣದಷ್ಟಾಗಿ, ಕೊಲಾಬಾದ ತುದಿಯ ಪ್ರಾಂಗ್ಸ್ ದೀಪಸ್ತಂಭ ಹಿಂದೆ ಉಳಿಯುತ್ತದೆ. ಆಗ ಕೆಳಗೆ ನೋಡಿ. ಬಂದರಿನಿಂದ ಹಡಗನ್ನು ಹೊರಗೆ ದಾಟಿಸಿದ ಪೈಲಟ್ ಹಗ್ಗದ ಏಣಿಯಲ್ಲಿ ಇಳಿದು, ಪಕ್ಕದಲ್ಲಿ ಓಡುತ್ತಿರುವ ಸಣ್ಣ ದೋಣಿಗೆ ಕಾಲಿಡುತ್ತಾನೆ. ಎರಡೂ ಚಲಿಸುತ್ತಿರುವಾಗಲೇ. ಕಾಸು ಕೊಟ್ಟು ನೋಡುವ ಯಾವ ಶೋಗಿಂತಲೂ ನನಗೆ ಇದು ಹೆಚ್ಚು.

ಹಂತ 8: ತಲೆಸುತ್ತು, ವಾಂತಿ

ಕಣ್ಣಿಗೆ ಕೋಣೆ ಅಲುಗದ ಹಾಗೆ ಕಾಣುತ್ತದೆ, ಒಳಕಿವಿಗೆ ಅಲುಗುವುದು ಗೊತ್ತಾಗುತ್ತದೆ. ಎರಡರ ಜಗಳವೇ ಈ ಬಾಧೆ. ಹೆಚ್ಚಿನವರು ಮಾಡುವ ತಪ್ಪು, ವಾಂತಿ ಶುರುವಾದ ಮೇಲೆ ಮಾತ್ರೆ ನುಂಗುವುದು. ಅದು ಹೊಟ್ಟೆಯಲ್ಲೇ ನಿಲ್ಲುವುದಿಲ್ಲ.

ಅವೊಮಿನ್‌ನಂಥ ಮಾತ್ರೆಯನ್ನು ಹೊರಡುವುದಕ್ಕೆ ಒಂದೆರಡು ಗಂಟೆ ಮೊದಲೇ ತೆಗೆದುಕೊಂಡಿರಬೇಕು. ಅದು ನಿದ್ದೆ ತರುತ್ತದೆ, ಮದ್ಯದೊಂದಿಗೆ ಬೇಡ. ಎರಡು ವರ್ಷದೊಳಗಿನ ಮಗುವಿಗೆ ಕೊಡುವಂತಿಲ್ಲ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು, ಬೇರೆ ಮಾತ್ರೆ ನುಂಗುತ್ತಿರುವ ಹಿರಿಯರು ಹೊರಡುವ ವಾರ ಮುಂಚೆಯೇ ತಮ್ಮ ಡಾಕ್ಟರನ್ನು ಕೇಳಲಿ.

ಮುನ್ಸೂಚನೆ ಗೊತ್ತಿರಲಿ: ಪದೇ ಪದೇ ಆಕಳಿಕೆ, ಬಾಯಲ್ಲಿ ನೀರೂರುವುದು, ತಣ್ಣನೆ ಬೆವರು. ಇಷ್ಟು ಕಂಡ ಕೂಡಲೇ ಫೋನ್ ಮುಚ್ಚಿಟ್ಟು ನಡುಭಾಗದ ತೆರೆದ ಡೆಕ್ಕಿಗೆ ಹೋಗಿ ದಿಗಂತದ ಗೆರೆಯನ್ನು ನೋಡುತ್ತಾ ನಿಲ್ಲಿ. ಅಲೆ ನೋಡಬೇಡಿ. ರಾತ್ರಿಯಾದರೆ ಕಣ್ಣು ಮುಚ್ಚಿ ಅಂಗಾತ ಮಲಗಿ. ‘ಏನೂ ತಿನ್ನಬೇಡ’ ಎನ್ನುವುದು ತಪ್ಪು, ಖಾಲಿ ಹೊಟ್ಟೆಯೂ ತೊಳಸುತ್ತದೆ. ಒಣ ಬ್ರೆಡ್ಡು, ಬಿಸ್ಕತ್ತು, ಶುಂಠಿ ಚೂರು ಸಾಕು. ಬಫೆಯ ಎಣ್ಣೆ ಪದಾರ್ಥ ಮಾರನೇ ದಿನವೂ ಇರುತ್ತದೆ. ನೀರೂ ನಿಲ್ಲದಷ್ಟು ವಾಂತಿಯಾದರೆ, ಮೂತ್ರ ಕಡಿಮೆಯಾದರೆ, ಎದೆನೋವು ಬಂದರೆ ಕಾಯಬೇಡಿ, ಹಡಗಿನ ಡಾಕ್ಟರನ್ನು ಕರೆಯಿರಿ.

ವಾಂತಿಯ ಜೊತೆ ಭೇದಿಯೂ ಇದ್ದರೆ ಅದು ಕಡಲಿನ ಬಾಧೆಯಲ್ಲ. ಹಡಗಿನಂಥ ಜಾಗದಲ್ಲಿ ವಾಂತಿಭೇದಿ ತರುವ ನೊರೊವೈರಸ್ ಬೇಗ ಹಬ್ಬುತ್ತದೆ. ಮುಚ್ಚಿಡದೆ ಹೇಳಿ. ಸ್ಯಾನಿಟೈಸರ್ ಇದಕ್ಕೆ ಅಷ್ಟು ನಾಟುವುದಿಲ್ಲ, ಊಟಕ್ಕೆ ಮೊದಲು ಸೋಪು ನೀರಿನಲ್ಲೇ ಕೈ ತೊಳೆಯಿರಿ.

ಹಂತ 9: ಬಂದರಿನಲ್ಲಿ ಇಳಿದಾಗ

ಇಳಿಯುವ ಮೊದಲು ಫಲಕದಲ್ಲಿ ‘ಎಲ್ಲರೂ ಹಡಗಿನಲ್ಲಿರಬೇಕಾದ ಸಮಯ’ ನೋಡಿ ಕೈಮೇಲೆ ಬರೆದುಕೊಂಡರೂ ತಪ್ಪಿಲ್ಲ. ಅದಕ್ಕಿಂತ ಎರಡು ಗಂಟೆ ಮೊದಲು ನಿಮ್ಮ ಮುಖ ಹಡಗಿನ ಕಡೆಗಿರಬೇಕು. ಕಂಪನಿಯ ಸುತ್ತಾಟದಲ್ಲಿ ಹೋದವರಿಗೆ ಸಾಮಾನ್ಯವಾಗಿ ಕಾಯುತ್ತಾರೆ, ಸ್ವಂತ ಟ್ಯಾಕ್ಸಿಯವರಿಗೆ ಕಾಯುವುದಿಲ್ಲ.

ಗೋವಾದಲ್ಲಿ ಹಡಗು ನಿಲ್ಲುವುದು ವಾಸ್ಕೊ ಪಕ್ಕದ ಮೊರ್ಮುಗಾವ್ ಬಂದರಿನಲ್ಲಿ. ಪಣಜಿ ಅಲ್ಲಿಂದ ಸುಮಾರು 30 ಕಿಲೋಮೀಟರ್. ಬಾಗಾ, ಕಲಂಗುಟ್ ಇನ್ನೂ ಆಚೆ. ಒಂದೇ ದಿನದಲ್ಲಿ ಬಾಗಾ, ಹಳೆ ಗೋವಾ, ಮಂಗೇಶಿ ಮೂರನ್ನೂ ಸೇರಿಸುವವರು ಮೂರರಲ್ಲೂ ಪಾರ್ಕಿಂಗ್ ಮಾತ್ರ ನೋಡಿ ಬರುತ್ತಾರೆ. ಒಂದು ದಿಕ್ಕು ಆರಿಸಿ. ಚರ್ಚು, ದೇವಸ್ಥಾನ ಬೇಕಾದರೆ ಹಳೆ ಗೋವಾ ಮತ್ತು ಮಂಗೇಶಿ. ಸಮುದ್ರದಲ್ಲಿ ಕಾಲು ಇಳಿಬಿಟ್ಟರೆ ಸಾಕು ಎನ್ನುವವರಿಗೆ ದಾಬೋಳಿ ವಿಮಾನ ನಿಲ್ದಾಣದ ಆಚೆಯ ಬೋಗ್ಮಾಳೊ ಹತ್ತಿರ. ಗೋವಾದಲ್ಲಿ ಓಲಾ, ಉಬರ್ ಓಡುವುದಿಲ್ಲ. ಗೋವಾಮೈಲ್ಸ್ ಆ್ಯಪ್ ಅಥವಾ ಸ್ಥಳೀಯ ಟ್ಯಾಕ್ಸಿ. ಹತ್ತುವ ಮೊದಲೇ ದರ, ಕಾಯುವ ಹೊತ್ತು, ವಾಪಸು ಬಿಡುವ ಜಾಗ ಮೂರನ್ನೂ ಮಾತಾಡಿ. ವಾಸ್ಕೊದಲ್ಲಿ ನಮ್ಮ ಕಡೆಯವರು ಬಹಳ. ಮಾರುಕಟ್ಟೆಯಲ್ಲಿ ಹಿಂದಿಯಲ್ಲಿ ಚೌಕಾಶಿ ಮಾಡುತ್ತಿದ್ದ ನನಗೆ ತರಕಾರಿಯಾಕೆ ‘ಎಷ್ಟು ಕೊಡ್ತೀರಿ ಹೇಳ್ರಿ ಅಕ್ಕಾರ’ ಎಂದಾಗ ಇಬ್ಬರಿಗೂ ನಗು.

ಗೋವಾದಲ್ಲಿ ಕೊಂಡ ಬಾಟಲಿಯನ್ನು ಹಡಗಿನವರು ಹತ್ತುವಾಗ ತೆಗೆದಿಟ್ಟುಕೊಳ್ಳುತ್ತಾರೆ. ಮಹಾರಾಷ್ಟ್ರಕ್ಕೆ ತರಲು ಪರವಾನಗಿಯೂ ಬೇಕು. ತರದಿರುವುದೇ ಸುಲಭ.

ಲಕ್ಷದ್ವೀಪದ ಅಗತ್ತಿಯಲ್ಲಿ ಹಡಗು ದೂರದಲ್ಲೇ ನಿಂತು ಸಣ್ಣ ದೋಣಿಯಲ್ಲಿ ದ್ವೀಪಕ್ಕೆ ಹೋಗಬೇಕು. ಮಂಡಿನೋವಿನವರು ಈ ಇಳಿಯುವಿಕೆಯ ಬಗ್ಗೆ ಮೊದಲೇ ವಿಚಾರಿಸಲಿ. ಅಲೆ ಹೆಚ್ಚಿದ್ದರೆ ಅದು ರದ್ದಾಗುತ್ತದೆ. ದ್ವೀಪದಲ್ಲಿ ಮದ್ಯಕ್ಕೆ ನಿಷೇಧವಿದೆ. ಹವಳದ ಚೂರನ್ನು ನೆನಪಿಗೆಂದು ಜೇಬಿಗೆ ಹಾಕಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅದು ಅಪರಾಧ.

ಹಂತ 10: ಕೊನೆಯ ರಾತ್ರಿ

ರಾತ್ರಿಯೂಟಕ್ಕೆ ಮೊದಲೇ ಅತಿಥಿ ಕೌಂಟರಿಗೆ ಹೋಗಿ ಅಲ್ಲಿಯವರೆಗಿನ ಬಿಲ್ಲನ್ನು ಮುದ್ರಿಸಿ ಕೊಡಲು ಹೇಳಿ. ಸಾಲು ಸಾಲಾಗಿ ಓದಿ, ತಪ್ಪಿದ್ದರೆ ಆಗಲೇ ತೋರಿಸಿ. ಬೆಳಿಗ್ಗೆ ಇಳಿಯುವ ಗದ್ದಲದಲ್ಲಿ ನಿಮ್ಮ ಮಾತು ಕೇಳಲು ಯಾರಿಗೂ ಪುರುಸೊತ್ತಿಲ್ಲ.

ದೊಡ್ಡ ಪೆಟ್ಟಿಗೆಗಳನ್ನು ರಾತ್ರಿಯೇ ಬಾಗಿಲ ಹೊರಗಿಡಲು ಹೇಳುತ್ತಾರೆ. ಮಾರನೇ ದಿನದ ಬಟ್ಟೆ, ಚಪ್ಪಲಿ ಒಳಗೆ ಉಳಿದಿದೆಯೇ ನೋಡಿ ಕೊಡಿ. ನಮ್ಮ ಭಾವ ಅಚ್ಚುಕಟ್ಟಿನ ಮನುಷ್ಯ, ಎಲ್ಲವನ್ನೂ ಮಡಚಿ ತುಂಬಿ ರಾತ್ರಿ ಹತ್ತಕ್ಕೇ ಪೆಟ್ಟಿಗೆ ಹೊರಗಿಟ್ಟರು. ಬೆಳಿಗ್ಗೆ ಲುಂಗಿಯಲ್ಲೇ, ಮೇಲೆ ನನ್ನ ಗಂಡನ ಜಾಕೆಟ್ ಹಾಕಿಕೊಂಡು, ಬ್ಯಾಲಾರ್ಡ್ ಪಿಯರ್‌ನಲ್ಲಿ ಇಳಿದರು.

ಹಡಗು ಕಟ್ಟೆಗೆ ಬಂದ ಹೊತ್ತು ನೀವು ಇಳಿಯುವ ಹೊತ್ತಲ್ಲ. ಡೆಕ್ ಪ್ರಕಾರ ಕರೆಯುತ್ತಾರೆ, ಲಗೇಜ್ ಹುಡುಕಬೇಕು. ಊರಿಗೆ ಹೋಗುವವರು ಅಂದೇ ಮಧ್ಯಾಹ್ನ ಕುರ್ಲಾದ ಎಲ್‌ಟಿಟಿ ನಿಲ್ದಾಣದಿಂದ ಮತ್ಸ್ಯಗಂಧ ರೈಲು ಹಿಡಿಯುವುದು ಹಡಗು ಬೆಳಿಗ್ಗೆಯೇ ಬಂದರೆ ಸಾಧ್ಯ, ಬೆಳಗಿನ ರೈಲಿಗೆ ಮಾತ್ರ ಟಿಕೆಟ್ ಮಾಡಬೇಡಿ.

ಹಂತ 11: ಮುಂದಿನವರಿಗೆ ಹೇಳುವಾಗ

ನೋಟ್‌ಬುಕ್ ತೆಗೆದುಕೊಳ್ಳಿ ಎಂದಿದ್ದು ಇದಕ್ಕೆ. ‘ಸೂಪರ್ ಇತ್ತು’ ಎಂದರೂ ‘ದಂಡ’ ಎಂದರೂ ಕೇಳುವವರಿಗೆ ಉಪಯೋಗವಿಲ್ಲ. ಪ್ರತಿ ರಾತ್ರಿ ಐದು ನಿಮಿಷ ಕೂತು ಬರೆಯಿರಿ: ಯಾವ ತಿಂಗಳು, ಕಡಲು ಹೇಗಿತ್ತು, ಡೆಕ್ ಮತ್ತು ಕ್ಯಾಬಿನ್ ಸಂಖ್ಯೆ, ರಾತ್ರಿ ಸದ್ದು ಇತ್ತೇ, ಗೇಟಿನಿಂದ ಕ್ಯಾಬಿನ್‌ಗೆ ಎಷ್ಟು ಹೊತ್ತು ಹಿಡಿಯಿತು, ಟಿಕೆಟ್‌ಗೆ ಕೊಟ್ಟದ್ದೆಷ್ಟು, ಕೊನೆಯ ಬಿಲ್ಲೆಷ್ಟು, ಜೊತೆಗೆ ಬಂದವರ ವಯಸ್ಸು. ಇಪ್ಪತ್ತೈದರ ಹುಡುಗನಿಗೆ ಚೆನ್ನಾಗಿದ್ದ ಕ್ಯಾಬಿನ್ ಎಪ್ಪತ್ತರ ಅಜ್ಜಿಗೆ ಸೆರೆಮನೆಯಾದೀತು, ಅದಕ್ಕೆ ವಯಸ್ಸು. ಕಾಗದಪತ್ರದ ನಿಯಮ, ದರ, ಗೇಟಿನ ವಿಷಯ ಹೇಳುವಾಗ ಪಕ್ಕದಲ್ಲಿ ನೀವು ಹೋದ ತಾರೀಕನ್ನೂ ಬರೆಯಿರಿ. ಬೋರ್ಡಿಂಗ್ ಪಾಸ್ ಅಥವಾ ಆಧಾರ್ ಕಾಣುವ ಫೋಟೊವನ್ನು ಗುಂಪಿಗೆ ಹಾಕಬೇಡಿ.

ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇರುವುದು ಒಂದೇ ಸಾಲು: ‘ಜನವರಿ, ನಡುಭಾಗ, ಕೆಳ ಡೆಕ್, ಅತ್ತೆಗೆ ವಾಂತಿಯಿಲ್ಲ, ಕೆಟಲ್ ಹೋಯಿತು.’ ಆಮೇಲೆ ನಮ್ಮ ಬಳಗದಿಂದ ಹೋದವರಲ್ಲಿ ಮೂರು ಮನೆಯವರು ಕ್ಯಾಬಿನ್ ಆರಿಸಿದ್ದು ಆ ಸಾಲು ನೋಡಿಯೇ. ಒಬ್ಬರು ಮಾತ್ರ ಕೆಟಲ್ ಒಯ್ದರು.